ಮೈಸೂರಿನ ೧೮೯೪ರ ಶಿಶುವಿವಾಹ ನಿಬಂಧನೆಯೂ ಬಾಲಸಂರಕ್ಷಣೆಯ ವಿಚಾರವೂ

೧

ಕನ್ನಡ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ‘ತುಱುಗೋಳ್’ ಎಂಬ ಮಾತೂ ‘ಪೆಣ್ಬುಯ್ಯಲ್’ ಎಂಬ ಮಾತೂ ಚಿರಪರಿಚಿತವಾದವು. ಮೊದಲನೆಯದು ಗೋವುಗಳ ಅಪಹರಣ. ಎರಡನೆಯದು ಆಪತ್ತಿಗೆ ಸಿಕ್ಕಿದ ಹೆಂಗಸರ ಮೊರೆ. ಆ ಮೊರೆಯನ್ನು ಕೇಳಿ ಓಡಿಬಂದು ಹೋರಾಡಿ ಮಡಿದವನ ಹೆಸರನ್ನು ಊರವರು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ‘ಪುಯ್ಯಲ್’ ಎಂದರೆ ಕೂಗು. ಇಂದಿನ ‘ಹುಯಿಲು’ ಅದರ ರೂಪಾಂತರ. ಕೂಗು ಕೇಳಿಬಂದರೆ ಮಾತ್ರ ವೀರನು ಎದ್ದಾನು. ಆದರೆ ಕೂಗಲು ಬಾಯಿಯೇ ಬಾರದ ಪ್ರಾಣಿಯೊಂದಿದೆ. ಅದು ಮಗು. ತನಗೆ ಆದುದು ಇಂಥದೆಂದು ಹೇಳಲು ಅದಕ್ಕೆ ಶಬ್ದವಿಲ್ಲ. ಶಬ್ದವಿದ್ದರೂ ಹೇಳಿದರೆ ನಂಬುವವರಿಲ್ಲ. ನಂಬಿದರೂ ಮನೆತನದ ಮರ್ಯಾದೆಯೆಂಬ ಭಯದಿಂದ ಆ ಮಾತನ್ನು ಹೊಸ್ತಿಲು ದಾಟಿಸುವವರಿಲ್ಲ. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಇತಿಹಾಸವು ಬಹುಮಟ್ಟಿಗೆ ಈ ಮೌನದ ಇತಿಹಾಸವೇ ಆಗಿದೆ.

ಮೌನಕ್ಕೆ ಶಾಸನವಿಲ್ಲ. ೧೯೦೫ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ರೈಸ್ ಮಹಾಶಯರು ಸಂಗ್ರಹಿಸಿದ್ದಾರೆ. ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ಮುಂತಾದ ತಾಲ್ಲೂಕುಗಳ ಕಲ್ಬರಹಗಳೆಲ್ಲ ಅದರಲ್ಲಿ ಸೇರಿವೆ. ಭೂದಾನ, ಕೆರೆ, ದೇವಾಲಯ, ವೀರಮರಣ ಇವೇ ಅಂಥ ಬರಹಗಳ ವಿಷಯ. ಮಗುವಿನ ನೋವನ್ನು ಹುಡುಕುವ ಇತಿಹಾಸಕಾರನು ಕಲ್ಲನ್ನು ಬಿಟ್ಟು ಬೇರೆ ಮೂರು ಆಕರಗಳ ಕಡೆಗೆ ತಿರುಗಬೇಕಾಗುತ್ತದೆ. ಅವು ಧರ್ಮಶಾಸ್ತ್ರ, ಸರ್ಕಾರದ ಕಾಯಿದೆ ಮತ್ತು ವೈದ್ಯರ ಹೇಳಿಕೆ. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಮಕ್ಕಳ ರಕ್ಷಣೆಯ ವಿಚಾರವು ಈ ನಾಡಿನಲ್ಲಿ ಯಾವ ಹಾದಿಯಲ್ಲಿ ಬಂದಿತೆಂಬುದೂ, ಇಂದಿಗೂ ಯಾವ ಕೆಲಸ ಉಳಿದಿದೆಯೆಂಬುದೂ ತಿಳಿಯುತ್ತದೆ.

ಇಲ್ಲಿ ಉದ್ದೇಶಿಸಿದ ಪ್ರದೇಶವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳು. ರಾಮನಗರಕ್ಕೆ ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ಕ್ಲೋಸ್‌ಪೇಟೆಯೆಂಬ ಹೆಸರಿತ್ತು; ಕನಕಪುರವು ಕಾನಕಾನಹಳ್ಳಿಯಾಗಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಇವು ಬೆಂಗಳೂರು ಜಿಲ್ಲೆಗೆ ಸೇರಿದ್ದವು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ, ೨೦೦೭ರಲ್ಲಿ ಹೊಸದಾಗಿ ಏರ್ಪಟ್ಟ ರಾಮನಗರ ಜಿಲ್ಲೆಗೂ ಸೇರಿದವು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರನ್ನಿಡಲು ರಾಜ್ಯದ ಸಚಿವ ಸಂಪುಟವು ನಿರ್ಧರಿಸಿತು. ಹೆಸರುಗಳು ಇಷ್ಟು ಬಾರಿ ಬದಲಾದರೂ ಈ ಊರುಗಳ ಮಕ್ಕಳನ್ನು ಕುರಿತ ಪ್ರಶ್ನೆ ಬದಲಾಗಿಲ್ಲ. ಮಗುವಿನ ವಯಸ್ಸು ಎಷ್ಟು? ಅದರ ಮಾತನ್ನು ನಂಬುವವರು ಯಾರು? ಅದರ ಗಾಯವನ್ನು ನೋಡಬಲ್ಲವರು ಯಾರು?

೨

ಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆಯೆಂಬುದನ್ನು ಪಕ್ಷಪಾತವಿಲ್ಲದೆ ಮೊದಲು ನೋಡತಕ್ಕದ್ದು. ಎಂಟು ವರ್ಷದವಳು ಗೌರಿ, ಒಂಬತ್ತು ವರ್ಷದವಳು ರೋಹಿಣಿ, ಹತ್ತು ವರ್ಷದವಳು ಕನ್ಯೆ, ಅಲ್ಲಿಂದ ಮೇಲೆ ರಜಸ್ವಲೆ ಎಂಬ ವಿಭಾಗವು ಪರಾಶರಸ್ಮೃತಿಯಲ್ಲಿದೆ. ಋತುಮತಿಯಾಗುವ ಮೊದಲೇ ಮಗಳನ್ನು ಕೊಡದ ತಂದೆತಾಯಿಗಳಿಗೆ ಪಾಪವನ್ನೂ ಅದು ವಿಧಿಸಿದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಮಾಧವಾಚಾರ್ಯರು ಇದಕ್ಕೆ ಬರೆದ ವ್ಯಾಖ್ಯಾನವು ದಕ್ಷಿಣ ದೇಶದಲ್ಲಿ ಬಹು ಪ್ರಮಾಣವೆನಿಸಿತು. ಶಿಶುವಿವಾಹವನ್ನು ಸಮರ್ಥಿಸಿದವರ ಮುಖ್ಯಾಧಾರಗಳಲ್ಲಿ ಇದೂ ಒಂದು.

ಆದರೆ ಶಾಸ್ತ್ರವೆಂಬುದು ಒಂದೇ ಗ್ರಂಥವಲ್ಲ. ಮಗಳು ಋತುಮತಿಯಾಗಿ ಮರಣಪರ್ಯಂತ ತಂದೆಯ ಮನೆಯಲ್ಲಿಯೇ ಇದ್ದರೂ ಇರಲಿ, ಗುಣಹೀನನಿಗೆ ಅವಳನ್ನು ಕೊಡಲಾಗದೆಂದು ಮನುವು ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದೇ ಅಧ್ಯಾಯದಲ್ಲಿ ಇಪ್ಪತ್ತನಾಲ್ಕು ವರ್ಷದವನು ಎಂಟು ವರ್ಷದವಳನ್ನು ವಿವಾಹವಾಗಬಹುದೆಂದೂ ಇದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇಪ್ಪತ್ತೈದು ವರ್ಷದವನಿಗೆ ಹನ್ನೆರಡು ವರ್ಷದ ವಧುವನ್ನು ಹೇಳಿ, ಆ ಬೆನ್ನಿನಲ್ಲಿಯೇ ಹದಿನಾರು ವರ್ಷ ತುಂಬದವಳಲ್ಲಿ ಗರ್ಭವು ನಿಂತರೆ ಅದು ಕುಕ್ಷಿಯಲ್ಲಿಯೇ ಕೆಡುವುದೆಂದೂ, ಹುಟ್ಟಿದರೂ ಅಲ್ಪಾಯುವೋ ದುರ್ಬಲವೋ ಆಗುವುದೆಂದೂ, ಆದಕಾರಣ ಅತಿಬಾಲೆಯಲ್ಲಿ ಗರ್ಭಾಧಾನವು ಸಲ್ಲದೆಂದೂ ಸ್ಪಷ್ಟವಾಗಿ ನಿಷೇಧಿಸಿದೆ. ವೈದ್ಯನ ಕಣ್ಣಿಗೆ ಕಂಡದ್ದು ಶರೀರ. ಅದು ಇನ್ನೂ ಬಲಿತಿಲ್ಲವೆಂಬುದೇ ಅವನಿಗೆ ಪ್ರಮಾಣ.

ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಮುಂದೆ ಹೋಗುತ್ತದೆ. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದ ಹನ್ನೆರಡನೆಯ ಅಧ್ಯಾಯದಲ್ಲಿ, ಇನ್ನೂ ಋತುಮತಿಯಾಗದ ಸವರ್ಣಕನ್ಯೆಯನ್ನು ಕೆಡಿಸಿದವನಿಗೆ ಹಸ್ತಚ್ಛೇದ ಅಥವಾ ೪೦೦ ಪಣ ದಂಡ, ಅವಳು ಸತ್ತರೆ ವಧೆ ಎಂದು ವಿಧಿಸಿದೆ. ಋತುಮತಿಯಾದವಳ ವಿಷಯದಲ್ಲಿ ದಂಡವು ಇದಕ್ಕಿಂತ ಕಡಿಮೆ. ಅಂದರೆ ವಯಸ್ಸು ಕಡಿಮೆಯಾದಷ್ಟೂ ಅಪರಾಧವು ಹೆಚ್ಚು ಎಂಬ ನ್ಯಾಯವು ಆ ಕಾಲಕ್ಕೇ ಹೊಳೆದಿತ್ತು. ಆದರೆ ಅದೇ ಪ್ರಕರಣದಲ್ಲಿ ತಂದೆಗೆ ಆದ ನಷ್ಟವನ್ನು ಅಪರಾಧಿಯು ತುಂಬಿಕೊಡತಕ್ಕದ್ದೆಂದೂ ಇದೆ. ವರ್ಣಭೇದದಿಂದ ದಂಡಭೇದವೂ ಇದೆ. ಮಗುವಿಗೆ ಆದ ನೋವನ್ನು ತಂದೆಗೆ ಆದ ನಷ್ಟವೆಂದು ಎಣಿಸಿದುದು ಆ ಕಾಲದ ಮಿತಿ. ಗಂಡುಮಗುವನ್ನು ಈ ಅಧ್ಯಾಯವು ನೆನೆಯುವುದೇ ಇಲ್ಲ.

ಸಾಕ್ಷ್ಯದ ವಿಚಾರದಲ್ಲಿ ಮನುವು ಹೇಳಿರುವುದು ಇಂದಿಗೂ ಮನನಯೋಗ್ಯವಾದುದು. ಎಂಟನೆಯ ಅಧ್ಯಾಯದಲ್ಲಿ ಸಾಕ್ಷಿಗಳಾಗಲು ತಕ್ಕವರಲ್ಲದವರ ಪಟ್ಟಿಯಲ್ಲಿ ಶಿಶುವೂ ಸೇರಿದೆ. ಬಾಲರ ಮಾತು ಸ್ಥಿರವಲ್ಲವೆಂದೂ ಹೇಳಿದೆ. ಆದರೆ ಬೇರೆ ಸಾಕ್ಷಿಗಳು ದೊರೆಯದಿದ್ದಲ್ಲಿ ಬಾಲನ ಮಾತನ್ನೂ ತೆಗೆದುಕೊಳ್ಳಬಹುದೆಂದು ಅಲ್ಲಿಯೇ ವಿಧಿ ಇದೆ. ಸಾಹಸ, ಕಳವು, ಸಂಗ್ರಹಣ ಎಂಬ ಅಪರಾಧಗಳಲ್ಲಿ ಸಾಕ್ಷಿಗಳ ಯೋಗ್ಯತೆಯನ್ನು ಪರೀಕ್ಷಿಸುತ್ತ ಕೂರಬಾರದೆಂಬ ವಿಧಿಯೂ ಇದೆ. ಇದರ ಕಾರಣ ಸುಲಭಗ್ರಾಹ್ಯವಾದುದು. ಏಕಾಂತದಲ್ಲಿ ನಡೆಯುವ ಕೃತ್ಯಕ್ಕೆ ಯೋಗ್ಯಸಾಕ್ಷಿಗಳನ್ನು ಕರೆದುಕೊಂಡು ಯಾವ ದುಷ್ಟನೂ ಹೋಗುವುದಿಲ್ಲ. ಈ ವಿಧಿಗಳನ್ನು ಕೂಡಿಸಿ ಓದಿದರೆ ಮಗುವಿನ ಮಾತಿಗೆ ಶಾಸ್ತ್ರದಲ್ಲಿಯೇ ಅವಕಾಶವುಂಟು. ಆ ಅವಕಾಶವನ್ನು ಉಪಯೋಗಿಸಿಕೊಳ್ಳದೆ ಹೋದುದು ಶಾಸ್ತ್ರದ ದೋಷವಲ್ಲ, ಶಾಸ್ತ್ರಜ್ಞರ ದೋಷ.

೩

ಬ್ರಿಟಿಷ್ ಇಂಡಿಯದಲ್ಲಿ ೧೮೬೦ರ ದಂಡಸಂಹಿತೆಯು ಹತ್ತು ವರ್ಷವನ್ನು ಗಡಿಯಾಗಿಟ್ಟಿತು. ಹತ್ತು ತುಂಬದ ಬಾಲೆಯ ವಿಷಯದಲ್ಲಿ, ಅವಳು ಹೆಂಡತಿಯೇ ಆಗಿದ್ದರೂ, ಸಂಗವು ಬಲಾತ್ಕಾರವೆನಿಸುತ್ತಿತ್ತು. ಈ ಗಡಿಯ ಅಲ್ಪತೆ ಕಲ್ಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಹತ್ತು–ಹನ್ನೊಂದು ವರ್ಷದ ಬಾಲೆಯ ಮರಣದಿಂದ ಲೋಕಕ್ಕೆ ಗೊತ್ತಾಯಿತು. ಸುಮಾರು ಮೂವತ್ತೈದು ವರ್ಷದ ಅವಳ ಗಂಡನ ಮೇಲೆ ೧೮೯೦ರಲ್ಲಿ ವಿಚಾರಣೆ ನಡೆಯಿತು. ಬಾಲೆಗೆ ಹತ್ತು ತುಂಬಿದ್ದುದರಿಂದ ಬಲಾತ್ಕಾರದ ಅಪರಾಧವು ಅವನಿಗೆ ಅನ್ವಯಿಸಲಿಲ್ಲ. ಒಂದು ವರ್ಷದ ಕಠಿಣ ಸಜೆಯಷ್ಟೇ ಆಯಿತು. ಅದೇ ವರ್ಷ ಮಾನ್ಸೆಲ್ ಎಂಬ ವೈದ್ಯೆಯ ನೇತೃತ್ವದಲ್ಲಿ ೫೫ ಮಂದಿ ಸ್ತ್ರೀವೈದ್ಯರು ವೈಸರಾಯರಿಗೆ ಅರ್ಜಿಯನ್ನು ಸಲ್ಲಿಸಿ, ತಾವು ಕಣ್ಣಾರೆ ಕಂಡ ಬಾಲಪತ್ನಿಯರ ಗಾಯ, ಪಾರ್ಶ್ವವಾಯು, ಮರಣಗಳ ವಿವರಗಳನ್ನು ಮುಂದಿಟ್ಟರು. ಈ ದೇಶದಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನು ಕುರಿತ ಮೊದಮೊದಲ ವೈದ್ಯಕೀಯ ಲೇಖ್ಯಗಳಲ್ಲಿ ಇದು ಮುಖ್ಯವಾದುದು.

೧೮೯೧ರ ಮಾರ್ಚಿಯಲ್ಲಿ ಗಡಿಯನ್ನು ಹನ್ನೆರಡಕ್ಕೆ ಏರಿಸಿದ ಕಾಯಿದೆಯು ಅಂಗೀಕೃತವಾಯಿತು. ಆಗ ಎದ್ದ ಕೋಲಾಹಲವು ಪ್ರಸಿದ್ಧವಾದುದು. ಗರ್ಭಾಧಾನಸಂಸ್ಕಾರಕ್ಕೆ ಭಂಗವೆಂದು ವಂಗದೇಶದ ಪಂಡಿತರೂ, ಪರರ ಸರ್ಕಾರವು ಧರ್ಮದಲ್ಲಿ ಕೈಹಾಕಬಾರದೆಂದು ಪುಣೆಯಲ್ಲಿ ಬಾಲಗಂಗಾಧರ ತಿಲಕರೂ ವಿರೋಧಿಸಿದರು. ರಾಮಕೃಷ್ಣ ಗೋಪಾಲ ಭಂಡಾರಕರರು ಮೂಲಗ್ರಂಥಗಳನ್ನೇ ಶೋಧಿಸಿ, ಅಂಥ ಕಾಯಿದೆಯಿಂದ ಶಾಸ್ತ್ರಕ್ಕೆ ಹಾನಿಯಿಲ್ಲವೆಂದು ಲೇಖನವನ್ನು ಬರೆದರು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಾಲೆಯನ್ನು ಕೆಡಿಸಿದವನ ಕೈ ಕತ್ತರಿಸೆಂದು ವಿಧಿಸಿದ ಅರ್ಥಶಾಸ್ತ್ರವು ಆಗ ಪಂಡಿತರ ಕೈಯಲ್ಲಿರಲಿಲ್ಲ. ಅದರ ತಾಳೆಗರಿಯ ಪ್ರತಿಯು ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದು, ಆರ್. ಶಾಮಾಶಾಸ್ತ್ರಿಗಳ ಶ್ರಮದಿಂದ ೧೯೦೯ರಲ್ಲಿ ಅಚ್ಚಾಯಿತು. ಶಾಸ್ತ್ರದ ಹೆಸರಿನಲ್ಲಿ ವಾದ ನಡೆಯುತ್ತಿದ್ದಾಗ ಶಾಸ್ತ್ರದ ಒಂದು ಮುಖ್ಯ ಭಾಗವೇ ಅಜ್ಞಾತವಾಗಿತ್ತು. ಸುಶ್ರುತನ ಮಾತಾದರೋ ಅಜ್ಞಾತವಾಗಿರಲಿಲ್ಲ; ಅದನ್ನು ಬದಿಗಿಟ್ಟವರು ತಿಳಿದೇ ಬದಿಗಿಟ್ಟರು.

೪

ಮೈಸೂರು ಸಂಸ್ಥಾನವು ಬೇರೊಂದು ದಾರಿಯನ್ನು ಹಿಡಿಯಿತು. ಶ್ರೀ ಚಾಮರಾಜೇಂದ್ರ ಒಡೆಯರವರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೪ರಲ್ಲಿ ಶಿಶುವಿವಾಹ ನಿಷೇಧದ ನಿಬಂಧನೆಯು ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹುಡುಗಿಯ ವಿವಾಹವನ್ನು ಅದು ನಿಷೇಧಿಸಿತು. ಐವತ್ತು ವರ್ಷ ತುಂಬಿದ ಪುರುಷನು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ೧೮೮೧ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ಈ ವಿಷಯವು ಚರ್ಚೆಗೆ ಬಂದು, ಆಕ್ಷೇಪಣೆಗಳೂ ಎದ್ದುವು. ಆದರೂ ನಿಬಂಧನೆಯು ನಿಂತಿತು. ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿಗಳ ಪ್ರಜೆಗಳೂ ಅಂದಿನಿಂದ ಅದಕ್ಕೆ ಒಳಪಟ್ಟರು.

ಎಂಟು ವರ್ಷವೆಂಬ ಗಡಿಯನ್ನು ಇಂದು ಕೇಳಿದವರಿಗೆ ನಗುವೂ ದುಃಖವೂ ಒಟ್ಟಿಗೆ ಬರಬಹುದು. ಆದರೆ ಆ ನಿಬಂಧನೆಯ ರಚನೆಯಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದಾಗಿ, ಬ್ರಿಟಿಷ್ ಕಾಯಿದೆಯು ಮನೆಯ ಒಳಕೋಣೆಯಲ್ಲಿ ನಡೆಯುವುದನ್ನು ನಿಷೇಧಿಸಿತು. ಅದಕ್ಕೆ ಸಾಕ್ಷ್ಯವು ದುರ್ಲಭ. ಮೈಸೂರಿನ ನಿಬಂಧನೆಯು ಚಪ್ಪರ, ವಾಲಗ, ಪುರೋಹಿತ, ನೆಂಟರಿಷ್ಟರು ಇವರೆಲ್ಲರ ಎದುರಿಗೆ ನಡೆಯುವ ಮದುವೆಯನ್ನು ನಿಷೇಧಿಸಿತು. ಅದಕ್ಕೆ ಊರೇ ಸಾಕ್ಷಿ. ಕೃತ್ಯ ನಡೆದ ಮೇಲೆ ದಂಡಿಸುವುದಕ್ಕಿಂತ ಕೃತ್ಯಕ್ಕೆ ದಾರಿಯಾಗುವ ಸಂದರ್ಭವನ್ನೇ ತಡೆಯುವುದು ಮೇಲೆಂಬ ತತ್ತ್ವವು ಇದರಲ್ಲಿ ಅಡಗಿದೆ. ಎರಡನೆಯದಾಗಿ, ಮುದುಕನಿಗೂ ಬಾಲೆಗೂ ಇರುವ ವಯಸ್ಸಿನ ಅಂತರವೇ ದೋಷವೆಂದು ಅದು ಗುರುತಿಸಿತು. ಬಲವುಳ್ಳವನೂ ಬಲವಿಲ್ಲದವಳೂ ಎದುರಾದಲ್ಲಿ ಒಪ್ಪಿಗೆ ಎಂಬ ಮಾತಿಗೆ ಅರ್ಥವಿಲ್ಲವೆಂಬ ಈಗಿನ ಶಾಸ್ತ್ರಜ್ಞರ ಅಭಿಪ್ರಾಯದ ಬೀಜವು ಇದೇ ಆಗಿದೆ.

ನಿಬಂಧನೆಯ ದೌರ್ಬಲ್ಯವೂ ಸ್ಪಷ್ಟ. ಎಂಟು ತುಂಬಿದೊಡನೆ ಮದುವೆಯಾದ ಹುಡುಗಿಗೆ ಅದು ಯಾವ ನೆರಳನ್ನೂ ಕೊಡಲಿಲ್ಲ. ಮದುವೆಯ ಸಂಬಂಧವೇ ಇಲ್ಲದೆ ನೆರೆಯವನಿಂದಲೋ ನೆಂಟನಿಂದಲೋ ಆಗುವ ದೌರ್ಜನ್ಯವು ಅದರ ವಿಷಯವೇ ಆಗಿರಲಿಲ್ಲ. ಇನ್ನು ವಯಸ್ಸನ್ನು ಸ್ಥಾಪಿಸುವುದು ಹೇಗೆ? ಹಳ್ಳಿಯಲ್ಲಿ ಜನನದ ದಾಖಲೆಯು ಅಪೂರ್ವವಾಗಿದ್ದ ಕಾಲವದು. ಜಾತಕವಿದ್ದವರು ಕೆಲವರು, ಇದ್ದ ಜಾತಕವನ್ನು ತಿದ್ದಿಸುವುದೂ ಕಷ್ಟವಲ್ಲ. ವಯಸ್ಸಿನ ಮೇಲೆ ನಿಂತ ಕಾಯಿದೆಗೆ ವಯಸ್ಸಿನ ದಾಖಲೆಯೇ ಅಡಿಗಲ್ಲು. ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾಯಿದೆ ಬಂದುದು ೧೯೬೯ರಲ್ಲಿ.

ಇದೇ ಸಂಸ್ಥಾನವು ೧೯೦೯ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಎಳೆಯ ಹೆಣ್ಣುಮಕ್ಕಳಿಗೆ ಗೆಜ್ಜೆಪೂಜೆ ಮಾಡಿಸಿ ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯು ಮದುವೆಯ ಹೊರಗಿನ ದೌರ್ಜನ್ಯಕ್ಕೆ ಧರ್ಮದ ಹೊದಿಕೆಯಾಗಿತ್ತು. ಸಮಸ್ತ ಕರ್ನಾಟಕಕ್ಕೂ ಅನ್ವಯಿಸುವಂತೆ ಅದನ್ನು ನಿಷೇಧಿಸಿದ ಕಾಯಿದೆಯು ೧೯೮೨ರದು. ಎರಡಕ್ಕೂ ನಡುವೆ ಎಪ್ಪತ್ತಮೂರು ವರ್ಷಗಳ ಅಂತರವಿದೆ.

೫

ಅಲ್ಲಿಂದ ಮುಂದೆ ಗಡಿಯು ಮೆಟ್ಟಿಲು ಮೆಟ್ಟಿಲಾಗಿ ಏರಿತು. ಜೋಶಿಯವರ ಅಧ್ಯಕ್ಷತೆಯ ಸಮಿತಿಯು ದೇಶವನ್ನೆಲ್ಲ ಸಂಚರಿಸಿ ೧೯೨೯ರಲ್ಲಿ ವರದಿಯನ್ನು ಕೊಟ್ಟಿತು. ಆ ವರ್ಷವೇ ಅಂಗೀಕೃತವಾದ ಶಾರದಾ ಕಾಯಿದೆಯು ಬ್ರಿಟಿಷ್ ಇಂಡಿಯದಲ್ಲಿ ಹುಡುಗಿಯ ವಿವಾಹಕ್ಕೆ ಹದಿನಾಲ್ಕನ್ನು ಗೊತ್ತುಮಾಡಿತು. ೧೯೪೯ರಲ್ಲಿ ಅದು ಹದಿನೈದಾಯಿತು, ೧೯೭೮ರಲ್ಲಿ ಹದಿನೆಂಟಾಯಿತು. ದಂಡಸಂಹಿತೆಯಲ್ಲಿ ಹೆಂಡತಿಯ ವಿಷಯದ ಗಡಿಯು ೧೯೨೫ರಲ್ಲಿ ಹದಿಮೂರಕ್ಕೂ ೧೯೪೯ರಲ್ಲಿ ಹದಿನೈದಕ್ಕೂ ಏರಿ ಅಲ್ಲಿಯೇ ನಿಂತಿತು. ೨೦೧೭ರ ಅಕ್ಟೋಬರ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಹದಿನೆಂಟೆಂದು ಓದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹದಿನೆಂಟೇ ಇದೆ. ೨೦೧೭ರ ಆ ತೀರ್ಪಿನಲ್ಲಿ ಕರ್ನಾಟಕದ ಹೆಸರು ಗೌರವದಿಂದ ಬಂದಿದೆ. ಅದೇಕೆಂದರೆ, ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ೨೦೧೧ರ ವರದಿಯ ತರುವಾಯ, ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು ಸಾರುವ ತಿದ್ದುಪಡಿಯನ್ನು ೨೦೧೬ರಲ್ಲಿ ಈ ರಾಜ್ಯವು ಮಾಡಿತು. ೧೮೯೪ರಲ್ಲಿ ಎಂಟು ವರ್ಷದಿಂದ ಹೊರಟ ಹೆಜ್ಜೆಯು ಇಷ್ಟು ದೂರ ಬಂದಿದೆ.

ಮದುವೆಯ ಹೊರಗಿನ ದೌರ್ಜನ್ಯಕ್ಕೆ ಪ್ರತ್ಯೇಕವಾದ ಕಾಯಿದೆಯು ಬಂದುದು ೨೦೧೨ರಲ್ಲಿ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಸಂರಕ್ಷಿಸುವ ಈ ಕಾಯಿದೆಯನ್ನು ಜನರು ‘ಪೋಕ್ಸೊ’ ಎಂದು ಕರೆಯುತ್ತಾರೆ. ಹದಿನೆಂಟು ತುಂಬದ ಗಂಡೂ ಹೆಣ್ಣೂ ಇದರ ರಕ್ಷಣೆಗೆ ಸಮಾನವಾಗಿ ಒಳಪಟ್ಟರು. ಕೌಟಿಲ್ಯನಿಂದ ೧೮೯೧ರವರೆಗೆ ಮರೆತುಹೋಗಿದ್ದ ಗಂಡುಮಗುವಿಗೆ ಇಲ್ಲಿ ಪೂರ್ಣವಾದ ಸ್ಥಾನ ದೊರೆಯಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಸ್ಥಳದಲ್ಲಿಯೋ ತೆಗೆದುಕೊಳ್ಳಬೇಕು. ಆಗ ಪೋಲೀಸಿನವರು ಸಮವಸ್ತ್ರದಲ್ಲಿರಬಾರದು. ಹೆಣ್ಣುಮಗುವನ್ನು ಪರೀಕ್ಷಿಸುವವಳು ವೈದ್ಯೆಯಾಗಿರಬೇಕು. ಸಾಕ್ಷ್ಯ ಹೇಳುವಾಗ ಮಗುವು ಆರೋಪಿಯನ್ನು ಎದುರಿಸದಂತೆ ನೋಡಿಕೊಳ್ಳಬೇಕು. ವಿಚಾರಣೆಯು ಸಾಧ್ಯವಾದಮಟ್ಟಿಗೆ ಒಂದು ವರ್ಷದೊಳಗೆ ಮುಗಿಯಬೇಕು. ಇವೆಲ್ಲ ಆ ಕಾಯಿದೆಯ ವಿಧಿಗಳು. ವಿಷಯ ತಿಳಿದೂ ದೂರು ಕೊಡದವನಿಗೆ ಶಿಕ್ಷೆಯುಂಟು. ಮೌನವನ್ನೇ ಅಪರಾಧವೆಂದ ಮೇಲೆ, ವೀರಗಲ್ಲಿನ ವೀರನ ಕರ್ತವ್ಯವು ಈಗ ಪ್ರತಿಯೊಬ್ಬ ಉಪಾಧ್ಯಾಯನಿಗೂ ವೈದ್ಯನಿಗೂ ನೆರೆಯವನಿಗೂ ಬಂದಂತಾಯಿತು.

ಹದಿನೆಂಟೆಂಬ ಗಡಿಯು ಹೊಸ ತೊಡಕನ್ನೂ ತಂದಿದೆ. ಪರಸ್ಪರ ಒಲಿದ ಹದಿಹರೆಯದವರ ಪ್ರಕರಣಗಳೂ ಇದೇ ಕಾಯಿದೆಯ ಅಡಿಗೆ ಬರುವುದನ್ನು ಕಂಡು, ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ವಯಸ್ಸಿನ ವಿಷಯವನ್ನು ಪುನರ್ವಿಮರ್ಶೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತು. ೨೦೨೩ರ ವರದಿಯಲ್ಲಿ ಆಯೋಗವು ಗಡಿಯನ್ನು ಇಳಿಸುವುದು ಯುಕ್ತವಲ್ಲವೆಂದು ಅಭಿಪ್ರಾಯಪಟ್ಟಿತು. ಹತ್ತರಿಂದ ಹನ್ನೆರಡಕ್ಕೆ ಏರಿಸಲು ಜಗಳವಾದ ದೇಶದಲ್ಲಿ ಹದಿನಾರೋ ಹದಿನೆಂಟೋ ಎಂಬ ಚರ್ಚೆ ನಡೆಯುತ್ತಿರುವುದು ಇತಿಹಾಸದ ಗತಿಯನ್ನು ತೋರಿಸುತ್ತದೆ.

೬

ಕಾಯಿದೆಯು ಏರಿದಷ್ಟು ವೇಗವಾಗಿ ಜ್ಞಾನವು ಏರಿತೆಂದು ಹೇಳುವಂತಿಲ್ಲ. ಪ್ಯಾರಿಸ್ಸಿನ ವೈದ್ಯ ತಾರ್ದಿಯೂ ೧೮೫೭ರಲ್ಲಿಯೇ ಮಕ್ಕಳ ಮೇಲೆ ನಡೆದ ಇಂಥ ಕೃತ್ಯಗಳನ್ನು ನೂರಾರು ಸಂಖ್ಯೆಯಲ್ಲಿ ವಿವರಿಸಿ ಗ್ರಂಥವನ್ನು ಬರೆದನು. ಲೋಕವು ಅದನ್ನು ಬೇಗನೆ ಮರೆಯಿತು. ವಿಯೆನ್ನಾದ ಫ್ರಾಯ್ಡನು ೧೮೯೬ರಲ್ಲಿ, ತನ್ನ ರೋಗಿಗಳ ಮನೋರೋಗಕ್ಕೆ ಬಾಲ್ಯದ ದೌರ್ಜನ್ಯವೇ ಕಾರಣವೆಂದು ಹೇಳಿ, ಮರುವರ್ಷವೇ ಆ ಮತವನ್ನು ಕೈಬಿಟ್ಟನು. ಅಮೆರಿಕದ ಶಿಶುವೈದ್ಯ ಹೆನ್ರಿ ಕೆಂಪ್ ೧೯೬೨ರಲ್ಲಿ ಹೊಡೆತ ತಿಂದ ಮಕ್ಕಳ ಲಕ್ಷಣಗಳನ್ನು ವರ್ಣಿಸಿ, ೧೯೭೭ರ ಉಪನ್ಯಾಸದಲ್ಲಿ ಲೈಂಗಿಕ ದೌರ್ಜನ್ಯವೂ ಶಿಶುವೈದ್ಯರ ಕಣ್ಣಿಗೆ ಮರೆಯಾಗಿರುವ ವ್ಯಾಧಿಯೆಂದು ಹೇಳಿದನು. ಪ್ರತಿ ತಲೆಮಾರಿನಲ್ಲಿಯೂ ಕಂಡು, ಪ್ರತಿ ತಲೆಮಾರಿನಲ್ಲಿಯೂ ಮರೆತ ಸತ್ಯವಿದು.

ಭಾರತದಲ್ಲಿ ಕೇಂದ್ರಸರ್ಕಾರದ ಸ್ತ್ರೀ ಮತ್ತು ಶಿಶು ಅಭಿವೃದ್ಧಿ ಮಂತ್ರಾಲಯವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಮಹತ್ತ್ವದ್ದು. ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿದಾಗ ಶೇಕಡ ೫೩.೨೨ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದುದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಅಪರಾಧಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ನಂಬಿಕೆಯ ಸ್ಥಾನದಲ್ಲಿದ್ದವರು. ಮಕ್ಕಳಲ್ಲಿ ಬಹುಮಂದಿ ಯಾರಿಗೂ ಹೇಳಿರಲಿಲ್ಲ. ಆದರೆ ಆ ಹದಿಮೂರು ರಾಜ್ಯಗಳಲ್ಲಿ ಕರ್ನಾಟಕವು ಸೇರಿರಲಿಲ್ಲ. ಬೆಂಗಳೂರಿನ ಸಂವಾದ ಸಂಸ್ಥೆಯು ೧೯೯೦ರ ದಶಕದಲ್ಲಿ ಕರ್ನಾಟಕದ ೩೪೮ ವಿದ್ಯಾರ್ಥಿನಿಯರನ್ನು ವಿಚಾರಿಸಿದುದು ಇಲ್ಲಿನ ಆದ್ಯಪ್ರಯತ್ನಗಳಲ್ಲಿ ಒಂದು, ಅದರಲ್ಲಿ ಗಂಡುಮಕ್ಕಳಿರಲಿಲ್ಲ. ಹೀಗಿರುವುದರಿಂದ ಬೇರೆ ನಾಡಿನ ಅಂಕಿಗಳನ್ನು ಮಾಗಡಿಯ ಅಥವಾ ಕನಕಪುರದ ಹಳ್ಳಿಗೆ ಹೊಂದಿಸಿ ಹೇಳುವುದು ಪ್ರಮಾಣವಲ್ಲ, ಊಹೆ.

ಈ ನಾಲ್ಕು ತಾಲ್ಲೂಕುಗಳ ಜೀವನಕ್ಕೆ ತನ್ನದೇ ಆದ ಲಕ್ಷಣವಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ಹೆಸರಾದುದು. ನೂಲು ಬಿಚ್ಚಣಿಕೆಯ ಮನೆಗಳಲ್ಲಿಯೂ, ನೂಲಿಗೆ ಹುರಿಹಾಕುವ ಕಾರ್ಖಾನೆಗಳಲ್ಲಿಯೂ ಒಂದು ಕಾಲಕ್ಕೆ ಮಕ್ಕಳು ಸಾಲದ ಮುಂಗಡಕ್ಕೆ ಸಿಕ್ಕಿ ದುಡಿಯುತ್ತಿದ್ದರು. ೨೦೦೩ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ರೇಷ್ಮೆಯ ಉದ್ಯಮದ ಇಂಥ ಮಕ್ಕಳ ವಿಚಾರವು ವಿಸ್ತಾರವಾಗಿದೆ. ತಂದೆತಾಯಿಗಳ ಕಣ್ಣಿನಿಂದ ದೂರವಾಗಿ, ಧಣಿಯ ಅಂಕೆಯಲ್ಲಿ, ಸಾಲದ ಹಂಗಿನಲ್ಲಿ ಇರುವ ಮಗುವು ಯಾವ ಬಗೆಯ ದೌರ್ಜನ್ಯಕ್ಕಾದರೂ ಸುಲಭವಾಗಿ ತುತ್ತಾಗುವುದೆಂಬುದು ಊಹ್ಯ. ಇಂದು ಬೆಂಗಳೂರು ಮಹಾನಗರದ ನೆರಳು ಈ ಊರುಗಳ ಮೇಲೆ ಬಿದ್ದಿದೆ. ತಂದೆತಾಯಿಗಳು ಬೆಳಗ್ಗೆ ನಗರದ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಯು ಹೊಸದಾಗಿ ಎದ್ದಿದೆ.

ವೈದ್ಯರ ವಿಚಾರದಲ್ಲಿಯೂ ಬಿಡಬೇಕಾದ ಭ್ರಮೆಗಳಿವೆ. ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಬಹುಪಾಲಿನವರ ಶರೀರದಲ್ಲಿ ಗಾಯದ ಗುರುತು ಇರುವುದಿಲ್ಲವೆಂಬುದು ಈಗ ಸಿದ್ಧವಾದ ವಿಷಯ. ಗಾಯವಿಲ್ಲದ್ದರಿಂದ ಕೃತ್ಯವೇ ಇಲ್ಲವೆಂದು ತೀರ್ಮಾನಿಸುವುದು ಹೇತ್ವಾಭಾಸ. ೨೦೧೪ರಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ವೈದ್ಯರಿಗೆ ನಿರ್ದೇಶನಗಳನ್ನು ಕೊಟ್ಟು, ಬೆರಳಿಟ್ಟು ಪರೀಕ್ಷಿಸುವ ಹಳೆಯ ಕ್ರಮವನ್ನು ಕೈಬಿಡಲು ಹೇಳಿತು. ೨೦೨೨ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಅದನ್ನು ಖಂಡಿಸಿತು. ಗುರುತುಗಳು ಕಾಣುವುದು ಹೆಚ್ಚಾಗಿ ನಡತೆಯಲ್ಲಿ. ನಿದ್ದೆಗೆಡುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಒಬ್ಬ ವ್ಯಕ್ತಿಯನ್ನು ಕಂಡರೆ ಕಾರಣವಿಲ್ಲದೆ ಹೆದರುವುದು, ಓದಿನಲ್ಲಿ ಹಿಂದೆ ಬೀಳುವುದು, ಕಾರಣ ತಿಳಿಯದ ಹೊಟ್ಟೆನೋವು ಇವು ಕೆಲವು. ಇವು ಬೇರೆ ಕಾರಣಗಳಿಂದಲೂ ಬರುವುವು. ಯಾವ ಲಕ್ಷಣವೂ ಇಲ್ಲದೆ ಮಗುವು ಒಳಗೇ ಬೇಯುವುದೂ ಉಂಟು. ಆದಕಾರಣ ಒಂದು ಲಕ್ಷಣವನ್ನು ಕಂಡು ತೀರ್ಪು ಕೊಡುವವನೂ, ಲಕ್ಷಣವನ್ನು ಕಂಡೂ ಸುಮ್ಮನಿರುವವನೂ ಇಬ್ಬರೂ ತಪ್ಪುವರು.

ಮನೋವೈದ್ಯಕ್ಕೆ ಈ ನಾಡಿನಲ್ಲಿ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೫೪ರ ಅಖಿಲಭಾರತ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ಬಾಲಮನೋವೈದ್ಯರು ಇಂಥ ಮಕ್ಕಳ ಚಿಕಿತ್ಸೆಯಲ್ಲಿಯೂ ಇತರರಿಗೆ ಶಿಕ್ಷಣ ಕೊಡುವುದರಲ್ಲಿಯೂ ಬಹುಕಾಲದಿಂದ ದುಡಿದಿದ್ದಾರೆ. ೨೦೦೧ರಲ್ಲಿ ಬೆಂಗಳೂರಿನಲ್ಲಿ ವೈದ್ಯೆಯರು ಸ್ಥಾಪಿಸಿದ ಎನ್‌ಫೋಲ್ಡ್ ಸಂಸ್ಥೆಯು ಮಕ್ಕಳಿಗೆ ತಮ್ಮ ಶರೀರದ ಸುರಕ್ಷತೆಯನ್ನು ಕಲಿಸುತ್ತ, ನ್ಯಾಯಾಲಯದ ದಾರಿಯಲ್ಲಿ ಅವರಿಗೆ ಆಸರೆಯಾಗುತ್ತ ಬಂದಿದೆ. ಪರದೇಶಗಳಲ್ಲಿ, ಮಗುವಿಗೆ ಆದ ಆಘಾತವನ್ನು ಕ್ರಮಕ್ರಮವಾಗಿ ಅದರ ಬಾಯಿಂದಲೇ ಹೇಳಿಸಿ, ಪೋಷಕರನ್ನೂ ಜೊತೆಗೆ ಕೂರಿಸಿಕೊಂಡು ನಡೆಸುವ ಚಿಕಿತ್ಸೆಯು ಪರೀಕ್ಷೆಗೆ ಒಳಪಟ್ಟು ಗುಣಕಾರಿಯೆನಿಸಿದೆ. ಅದು ಕನ್ನಡ ಮಾತನಾಡುವ ಹಳ್ಳಿಯ ಮಗುವಿಗೆ ಹೇಗೆ ಹೊಂದುವುದು, ಯಾವ ಮಾರ್ಪಾಡು ಬೇಕು ಎಂಬುದನ್ನು ಇಲ್ಲಿಯೇ ಪರೀಕ್ಷಿಸಿ ತಿಳಿಯಬೇಕು.

೭

ಭಾಷೆಯ ವಿಷಯದಲ್ಲಿ ಒಂದು ಮಾತು ಅವಶ್ಯ. ಈ ಕೃತ್ಯಕ್ಕೆ ಕನ್ನಡದಲ್ಲಿ ಹಿಂದೆ ರೂಢಿಯಲ್ಲಿದ್ದ ಶಬ್ದಗಳು ‘ಮಾನಭಂಗ’, ‘ಶೀಲಭಂಗ’, ‘ಕೆಡಿಸು’ ಎಂಬುವು. ಮೂರರಲ್ಲಿಯೂ ಭಂಗವಾದುದು ಮಗುವಿನದು, ಕೆಟ್ಟುದು ಮಗು. ಅಪರಾಧಿಯು ಆ ಪದಗಳಲ್ಲಿ ಕಾಣುವುದೇ ಇಲ್ಲ. ‘ದೌರ್ಜನ್ಯ’ ಎಂಬುದು ‘ದುರ್ಜನ’ ಶಬ್ದದಿಂದ ಆದ ಭಾವವಾಚಕ. ದುರ್ಜನನ ಭಾವ ಎಂದು ಅದರ ಅರ್ಥ. ದೋಷವನ್ನು ಮಾಡಿದವನ ಮೇಲೆಯೇ ಅದು ಹೊರಿಸುತ್ತದೆ. ಈಚೆಗೆ ಈ ಶಬ್ದವು ರೂಢಿಗೆ ಬಂದಿರುವುದು ಭಾಷೆಗೆ ಒಳ್ಳೆಯದು, ನ್ಯಾಯಕ್ಕೂ ಒಳ್ಳೆಯದು. ಶರೀರಭಾಗಗಳಿಗೆ ಸಂಸ್ಕೃತದಲ್ಲಿರುವ ‘ಗುಹ್ಯ’ ಎಂಬ ಶಬ್ದದ ಅರ್ಥವೇ ಮರೆಮಾಡತಕ್ಕದ್ದು ಎಂದು. ಮನೆಮಾತಿನಲ್ಲಿ ಒಂದೊಂದು ಮನೆಗೆ ಒಂದೊಂದು ಮುದ್ದಿನ ಹೆಸರು. ಚನ್ನಪಟ್ಟಣದ ಮಗುವು ಹೇಳಿದ ಮಾತು ಬೆಂಗಳೂರಿನ ವೈದ್ಯನಿಗೆ ತಿಳಿಯದೆ ಹೋದರೆ ಸಾಕ್ಷ್ಯವು ಅಲ್ಲಿಗೇ ನಷ್ಟ. ಅಂಥ ಮಾತುಗಳನ್ನು ತಾಲ್ಲೂಕು ತಾಲ್ಲೂಕಿನಲ್ಲಿ ಸಂಗ್ರಹಿಸಿ ಕೋಶ ಮಾಡುವುದು ಭಾಷಾಪಂಡಿತರಿಂದಲೇ ಆಗಬೇಕಾದ ಕೆಲಸ. ಅದಕ್ಕೆ ವೈದ್ಯನೂ ನ್ಯಾಯಾಧಿಪತಿಯೂ ಋಣಿಗಳಾಗುವರು.

ಇಷ್ಟರಿಂದ ಫಲಿತವಾಗುವುದೇನೆಂದರೆ: ಮೊದಲನೆಯದು, ಮಕ್ಕಳಿಗೆ ಹಿಂಸೆಯಾಗದಂಥ ಕ್ರಮದಲ್ಲಿ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಈ ನಾಡಿನದೇ ಆದ ಅಂಕಿಗಳನ್ನು ಕೂಡಿಸಬೇಕು. ಎರಡನೆಯದು, ತಾಲ್ಲೂಕಿನ ಆಸ್ಪತ್ರೆಯ ವೈದ್ಯರಿಗೂ ಶಾಲೆಯ ಉಪಾಧ್ಯಾಯರಿಗೂ ಮಗುವಿನ ಮಾತನ್ನು ಕೇಳುವ ವಿಧಾನವನ್ನು ಕಲಿಸಬೇಕು. ಕೇಳುವಾಗ ಉತ್ತರವನ್ನು ಮಗುವಿನ ಬಾಯಿಗೆ ತುರುಕದಿರುವುದೇ ಅದರಲ್ಲಿ ಮುಖ್ಯ. ಮೂರನೆಯದು, ದೂರು ಕೊಟ್ಟ ಮಗುವಿನ ಚಿಕಿತ್ಸೆಯು ಮೊಕದ್ದಮೆಯ ಜಯಾಪಜಯಗಳನ್ನು ಅನುಸರಿಸದೆ ಸ್ವತಂತ್ರವಾಗಿ ನಡೆಯಬೇಕು. ನಾಲ್ಕನೆಯದು, ೧೮೯೪ರ ನಿಬಂಧನೆಯಂತೆ ಸಂದರ್ಭವನ್ನೇ ತಡೆಯುವ ಉಪಾಯವು ಬೇಕು. ಮಗುವು ಯಾರ ವಶದಲ್ಲಿದೆ, ಎಲ್ಲಿ ಮಲಗುತ್ತದೆ, ಯಾರೊಡನೆ ಶಾಲೆಗೆ ಹೋಗುತ್ತದೆ ಎಂಬುದನ್ನು ವಿಚಾರಿಸಿಕೊಳ್ಳುವುದು ನೆರೆಹೊರೆಯ ಧರ್ಮವಾಗಬೇಕು. ೧೯೯೬ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಈಗ ದೇಶಕ್ಕೆಲ್ಲ ಹಬ್ಬಿರುವ ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿಯೊಂದು ಮಗುವೂ ಮಗ್ಗಿಯಂತೆ ಬಾಯಿಪಾಠ ಮಾಡಿರಬೇಕು.

ಪಂಡಿತರಿಗೂ ಒಂದು ಪ್ರಾಯಶ್ಚಿತ್ತವುಂಟು. ೧೮೯೧ರಲ್ಲಿ ಶಾಸ್ತ್ರವನ್ನು ಗುರಾಣಿಯಾಗಿ ಹಿಡಿದವರು ಅದರ ಅರ್ಧವನ್ನು ಮಾತ್ರ ಓದಿದ್ದರು. ಸುಶ್ರುತನ ನಿಷೇಧವನ್ನೂ, ಮನುವಿನ ಸಾಕ್ಷ್ಯಪ್ರಕರಣವನ್ನೂ, ಕೌಟಿಲ್ಯನ ದಂಡವನ್ನೂ ಅವುಗಳ ಮಿತಿಗಳೊಡನೆ ಜನರಿಗೆ ತಿಳಿಸಿ, ಯಾವ ಶಾಸ್ತ್ರವೂ ಮಗುವಿನ ನೋವಿಗೆ ಆವರಣವಾಗಲಾರದೆಂದು ಹೇಳುವುದು ಈಗಿನವರ ಹೊಣೆ. ಪೆಣ್ಬುಯ್ಯಲನ್ನು ಕೇಳಿ ಎದ್ದವನಿಗೆ ನಾಡು ಕಲ್ಲು ನಿಲ್ಲಿಸಿತು. ಕೂಗಲಾರದ ಮಗುವಿನ ಮೌನವನ್ನು ಕೇಳಿ ಎದ್ದವನಿಗೆ ಕಲ್ಲು ಬೇಕಿಲ್ಲ. ಆ ಮಗುವು ನೆಮ್ಮದಿಯಾಗಿ ನಿದ್ದೆಮಾಡಿದರೆ ಅವನಿಗೆ ಅಷ್ಟೇ ಸಾಕು.